ಹಳೆಯ ಟೀಪಾಯಿಗೆ ವಾರ್ನಿಷ್ ಬೇಕೇ?

ಪ್ರಶ್ನೆ: 1960ರ ದಶಕದ ಡೇನಿಷ್ ಟೀಪಾಯಿ ಕೊಂಡಿದ್ದೇನೆ. ತೇಗದ ಕಾಲು, ಮೇಲೆ ಗಾಜು. ಮರ ಮಂಕಾಗಿದೆ, ಗಾಜಿನ ಅಂಚಿನಲ್ಲಿ ಚಕ್ಕೆ ಎದ್ದಿದೆ. ಉಜ್ಜಿಸಿ ವಾರ್ನಿಷ್ ಹೊಡೆಸಲೇ?

ಉತ್ತರ: ದಯವಿಟ್ಟು ಬೇಡ! ಹಳೆಯ ಮರದ ಕೆಲಸವೇ ನನ್ನ ಕಸುಬು. ಹೊಳೆಯುವ ವಾರ್ನಿಷ್ ಬಳಿದ ಡೇನಿಷ್ ತೇಗ ಕಂಡರೆ ನನಗೆ ಸಂಕಟ. ಆ ಕಾಲದ ಡೇನಿಷ್ ಬಡಗಿಗಳು ತೇಗಕ್ಕೆ ಹೆಚ್ಚಾಗಿ ಎಣ್ಣೆಯನ್ನಷ್ಟೇ ಹಚ್ಚುತ್ತಿದ್ದರು. ಮರದ ಗೆರೆ ಕಾಣಬೇಕು, ಕೈಗೆ ಮರವೇ ತಾಗಬೇಕು, ಅಲ್ವಾ?

ಮೊದಲು ಮಗುಚಿ ನೋಡಿ. ತಯಾರಕರ ಮುದ್ರೆ ಅಡಿಭಾಗದಲ್ಲೇ ಇರುವುದು ಜಾಸ್ತಿ. ಕಾಲು ಗಟ್ಟಿ ಮರವಾದರೂ ಪಟ್ಟಿಗಳ ಮೇಲೆ ವಿನಿಯರ್, ಅಂದರೆ ಅಂಟಿಸಿದ ತೆಳುವಾದ ಮರದ ಹಾಳೆ, ಇರಬಹುದು. ಮೆಷಿನ್‌ನಲ್ಲಿ ಉಜ್ಜಿದರೆ ಅದು ಹರಿದೇಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ತೇಗಕ್ಕೆ ಹಚ್ಚುವ ಎಣ್ಣೆಯನ್ನು (ಟೀಕ್ ಆಯಿಲ್) ಗೆರೆಯ ಜಾಡಿನಲ್ಲೇ ತೆಳ್ಳಗೆ ಹಚ್ಚಿ. ಸ್ವಲ್ಪ ಹೊತ್ತು ಬಿಟ್ಟು ಮಿಕ್ಕಿದ್ದನ್ನು ಒರೆಸಿ. ಎಣ್ಣೆ ಬಟ್ಟೆಯನ್ನು ಮುದುರಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ಗಾಜು ಬದಲಿಸಿ. ಹಳೆಯದು ಸಾಮಾನ್ಯ ಗಾಜಾಗಿದ್ದರೆ ಒಡೆದಾಗ ಚೂಪು ಚೂರಾಗುತ್ತದೆ. ಅಷ್ಟೇ ದಪ್ಪದ ಟಫನ್ಡ್ ಗಾಜು (ಕಾಯಿಸಿ ಗಟ್ಟಿ ಮಾಡಿದ್ದು, ಒಡೆದರೆ ಸಣ್ಣ ಮೊಂಡು ಹರಳಾಗುತ್ತದೆ) ಹಾಕಿಸಿ. ಅದನ್ನು ಆಮೇಲೆ ಕತ್ತರಿಸಲಾಗದು, ಹಾಗಾಗಿ ಅಳತೆ ಮೊದಲೇ ಸರಿಯಾಗಿರಲಿ.