ಡಿಟಿಎಚ್ ಕಾರ್ಡನ್ನು ಆನ್‌ಲೈನ್‌ನಲ್ಲಿ ಹಂಚಿದರೆ ಪತ್ತೆಯಾಗುತ್ತದಾ?

ನಿಮ್ಮ ಪ್ರಶ್ನೆ ಇಷ್ಟು: ಬೆಳಗಾವಿಯ ಮನೆಯಲ್ಲಿರುವ ಡಿಟಿಎಚ್ ಬಾಕ್ಸಿನ ಕಾರ್ಡನ್ನು ಲಿನಕ್ಸ್ ರಿಸೀವರಿಗೆ (ಬೇಕಾದ ಪ್ರೋಗ್ರಾಮ್ ಹಾಕಿಕೊಳ್ಳಬಹುದಾದ ಬೇರೆ ಬಾಕ್ಸಿಗೆ) ಹಾಕಿ, ಇಂಟರ್ನೆಟ್ ಮೂಲಕ ವಿಜಯಪುರದ ಅಣ್ಣನ ಮನೆಗೂ, ವಾಟ್ಸ್ಆ್ಯಪ್ ಗುಂಪಿನ ಹತ್ತು ಜನರಿಗೂ ತಿಂಗಳಿಗೆ ನೂರು ರೂಪಾಯಿಯಂತೆ ಕೊಟ್ಟರೆ ಯಾರಿಗಾದರೂ ಗೊತ್ತಾಗುತ್ತದಾ?

ಬೇಡ ರೀ. ಗೊತ್ತಾಗುತ್ತದೆ, ಅದೂ ಪಡೆದವರಿಗಿಂತ ಹಂಚಿದವರೇ ಮೊದಲು ಸಿಗುತ್ತಾರೆ. ಅಣ್ಣನಿಗೆ ಕೊಡುವುದೂ ಹತ್ತು ಜನರಿಂದ ದುಡ್ಡು ತಗೊಂಡು ಕೊಡುವುದೂ ಒಂದೇ ಅಲ್ಲ. ಅಣ್ಣನಿಗೆ ಕೊಟ್ಟರೂ ಒಪ್ಪಂದ ಮುರಿದಂತೆಯೇ, ಕನೆಕ್ಷನ್ ಬಂದ್ ಆಗಬಹುದು. ಆದರೆ ಆ ನೂರು ರೂಪಾಯಿ ನಿಮ್ಮನ್ನು ಗ್ರಾಹಕನ ಜಾಗದಿಂದ ಎಬ್ಬಿಸಿ ಪರವಾನಗಿ ಇಲ್ಲದ ಕೇಬಲ್‌ನವನ ಜಾಗದಲ್ಲಿ ಕೂರಿಸುತ್ತದೆ.

ಮೊದಲು ಒಳಗೆ ಏನು ನಡೆಯುತ್ತದೆ ನೋಡಿ. ದುಡ್ಡಿನ ಚಾನೆಲ್‌ನ ಚಿತ್ರ ಬೀಗ ಹಾಕಿಕೊಂಡೇ ಬರುತ್ತದೆ. ಬೀಗದ ಕೀಲಿಗೆ ಕಂಟ್ರೋಲ್ ವರ್ಡ್ ಅನ್ನುತ್ತಾರೆ. ಅದು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಹೊಸ ಕೀಲಿ ಇಸಿಎಂ ಎಂಬ ಮುಚ್ಚಿದ ಲಕೋಟೆಯಲ್ಲಿ ಸಿಗ್ನಲ್ ಜೊತೆಗೇ ಇಳಿಯುತ್ತದೆ, ಲಕೋಟೆ ಒಡೆಯುವುದು ಕಾರ್ಡ್. ಹಂಚಿಕೊಂಡಾಗ ಅಣ್ಣನ ರಿಸೀವರ್ ತನ್ನ ಡಿಶ್‌ನಿಂದ ಬಂದ ಲಕೋಟೆಯನ್ನು ನಿಮ್ಮ ಮನೆಗೆ ಕಳಿಸುತ್ತದೆ, ನಿಮ್ಮ ಕಾರ್ಡ್ ಅದನ್ನು ಒಡೆದು ಕೀಲಿ ವಾಪಸ್ ಕಳಿಸುತ್ತದೆ. ಅಂದರೆ ಒಬ್ಬರು ಒಂದು ಗಂಟೆ ನೋಡಿದರೆ 360 ಸಲ, ಹತ್ತು ಜನ ನೋಡಿದರೆ 3,600 ಸಲ ನಿಮ್ಮ ಬ್ರಾಡ್‌ಬ್ಯಾಂಡ್ ಬಾಗಿಲು ಬಡಿದಂತೆ. ನಿಮ್ಮ ಸರ್ವರ್ ಪ್ರೋಗ್ರಾಮ್ ಯಾವ ಬಳಕೆದಾರ, ಯಾವ ಐಪಿ (ಇಂಟರ್ನೆಟ್ ವಿಳಾಸ), ಯಾವ ಚಾನೆಲ್, ಎಷ್ಟು ಹೊತ್ತಿಗೆ ಅಂತ ಬರೆದಿಡುತ್ತಾ ಹೋಗುತ್ತದೆ. ನಾಳೆ ಆ ಡಬ್ಬಿ ಪೊಲೀಸರ ಕೈಗೆ ಹೋದರೆ ಹತ್ತು ಮಂದಿಯ ಪಟ್ಟಿಯೂ ಅದರ ಜೊತೆಗೇ ಹೋಗುತ್ತದೆ.

ಇನ್ನೊಂದು ಮಾತು, ಇಂಥ ರಿಸೀವರ್ ಮಾರುವವರು ಇದನ್ನು ಹೇಳುವುದಿಲ್ಲ. ಕಾರ್ಡು ಮತ್ತು ಬಾಕ್ಸನ್ನು ಜೋಡಿ ಮಾಡಿಯೇ ಕೊಡಬೇಕು ಅಂತ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮವಿದೆ. ಜೋಡಿಯಾದ ಕಾರ್ಡ್ ಬೇರೆ ರಿಸೀವರಿನಲ್ಲಿ ಕೀಲಿ ಕೊಡುವುದಿಲ್ಲ, ಕೊಟ್ಟರೂ ಆ ಬಾಕ್ಸಿನ ಚಿಪ್‌ಗೆ ಮಾತ್ರ ತಿಳಿಯುವಂತೆ ಕೊಡುತ್ತದೆ. ಹಾಗಾದಾಗ ಅವರು ಎಚ್‌ಡಿಎಂಐ ಎನ್‌ಕೋಡರ್ (ಬಾಕ್ಸಿನಿಂದ ಟಿವಿಗೆ ಹೋಗುವ ಚಿತ್ರವನ್ನು ಇಂಟರ್ನೆಟ್‌ಗೆ ಕಳಿಸುವ ಉಪಕರಣ) ತಗೊಳ್ಳಿ, ಚಿತ್ರವನ್ನೇ ಸ್ಟ್ರೀಮ್ ಮಾಡಿ ಅನ್ನುತ್ತಾರೆ. ಅದು ಇನ್ನೂ ಬೇಗ ಹಿಡಿಸಿಕೊಡುತ್ತದೆ.

ಹೇಗೆ ಅಂದರೆ, ಮ್ಯಾಚ್ ನೋಡುವಾಗ ಪರದೆಯ ಯಾವುದೋ ಮೂಲೆಯಲ್ಲಿ ಉದ್ದನೆಯ ಅಂಕಿಯೊಂದು ಕೆಲವು ಸೆಕೆಂಡ್ ಕಾಣಿಸಿ ಮಾಯವಾಗುವುದನ್ನು ಗಮನಿಸಿರಬಹುದು. ಅದು ನಿಮ್ಮದೇ ಕಾರ್ಡಿನ ಅಥವಾ ಬಾಕ್ಸಿನ ನಂಬರು. ಫಿಂಗರ್‌ಪ್ರಿಂಟ್ ಅನ್ನುತ್ತಾರೆ. ಟ್ರಾಯ್‌ನ 2017ರ ನಿಯಮದಂತೆ ಅದು ಚಿತ್ರದ ಎಲ್ಲಕ್ಕಿಂತ ಮೇಲಿನ ಪದರದಲ್ಲಿರಬೇಕು, ರಿಮೋಟಿನ ಯಾವ ಗುಂಡಿಗೂ ಅಳಿಯಬಾರದು, ಜಾಗ ಬದಲಾಗುತ್ತಿರಬೇಕು. ಕಣ್ಣಿಗೆ ಕಾಣದ ಬಗೆಯದನ್ನೂ ಬಾಕ್ಸ್ ಬೆಂಬಲಿಸಬೇಕು. ಎಚ್‌ಡಿಎಂಐನಿಂದ ಸ್ಟ್ರೀಮ್ ಮಾಡಿದರೆ ಆ ಅಂಕಿಯೂ ಸ್ಟ್ರೀಮಿನಲ್ಲಿ ಹೋಗುತ್ತದೆ. ಕಂಪನಿಯವರು ಒಂದು ಸ್ಕ್ರೀನ್‌ಶಾಟ್ ತೆಗೆದುಕೊಂಡು ನಂಬರು ಹುಡುಕಿದರೆ ನಿಮ್ಮ ಹೆಸರು, ವಿಳಾಸ, ಮೊಬೈಲ್ ಸಿಗುತ್ತದೆ.

ಬರೀ ಕೀಲಿ ಹಂಚಿದರೆ ಈ ಅಂಕಿ ಆಚೆ ಕಡೆ ಕಾಣುವುದಿಲ್ಲ, ನಿಜ. ಅಲ್ಲಿ ಬೇರೆ ದಾರಿ ಇದೆ. ತನಿಖೆ ಮಾಡುವವರು ಗ್ರಾಹಕರಂತೆ ಬಂದು ನಿಮ್ಮಿಂದಲೇ ನೂರು ರೂಪಾಯಿಗೆ ಒಂದು ಲೈನ್ (ಕೀಲಿ ಪಡೆಯುವ ಸಂಪರ್ಕ) ಕೊಳ್ಳುತ್ತಾರೆ. ಯುಪಿಐನಲ್ಲಿ ದುಡ್ಡು ಬಂದ ಕೂಡಲೇ ಬ್ಯಾಂಕ್ ಖಾತೆಯ ಹೆಸರು ಅವರ ಮುಂದಿರುತ್ತದೆ. ನೀವು ಕೊಟ್ಟ ಸರ್ವರ್ ವಿಳಾಸದಿಂದ ಐಪಿ, ಐಪಿಯಿಂದ ಬ್ರಾಡ್‌ಬ್ಯಾಂಡ್ ಗ್ರಾಹಕ. ಇಂಟರ್ನೆಟ್ ಕಂಪನಿಗಳು ಈ ದಾಖಲೆಗಳನ್ನು ಕನಿಷ್ಠ 2 ವರ್ಷ ಇಡಬೇಕೆಂದು ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಷರತ್ತು ಹಾಕಿದೆ. ಕನೆಕ್ಷನ್ ತಂದೆಯವರ ಹೆಸರಿನಲ್ಲಿದ್ದರೆ ಮೊದಲ ನೋಟಿಸು ಅವರ ಹೆಸರಿಗೇ ಬರುತ್ತದೆ. ದಯವಿಟ್ಟು ಇದೊಂದನ್ನು ಯೋಚಿಸಿ.

ಇಷ್ಟೂ ಇಲ್ಲದೆ ಕಾರ್ಡನ್ನೇ ಹುಡುಕುವ ಉಪಾಯವೂ ಇದೆ. ಅರ್ಧದಷ್ಟು ಕಾರ್ಡುಗಳಿಗೆ ಒಂದು ಬದಲಾವಣೆ ಕಳಿಸಿ, ಕೊಂಡ ಲೈನಿನಲ್ಲಿ ಅದು ಕಾಣುತ್ತದೋ ಇಲ್ಲವೋ ನೋಡುವುದು. ಹುಡುಕುವ ಕಾರ್ಡ್ ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡುವುದು. ಹತ್ತು ಲಕ್ಷ ಕಾರ್ಡಿದ್ದರೂ 20 ಸುತ್ತಿನಲ್ಲಿ ಒಂದೇ ಕಾರ್ಡ್ ಉಳಿಯುತ್ತದೆ.

ಕಾನೂನಿಗೆ ಬರೋಣ. 1957ರ ಕಾಪಿರೈಟ್ ಕಾಯ್ದೆಯ ಕಲಂ 37 ಪ್ರಸಾರ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷದ ಹಕ್ಕು ಕೊಡುತ್ತದೆ. ಅನುಮತಿ ಇಲ್ಲದೆ ಮರುಪ್ರಸಾರ ಮಾಡುವುದು, ಹಣ ಪಡೆದು ಸಾರ್ವಜನಿಕರಿಗೆ ತೋರಿಸುವುದು ಉಲ್ಲಂಘನೆ. ಕಲಂ 63ರಲ್ಲಿ ಶಿಕ್ಷೆ 6 ತಿಂಗಳಿಂದ 3 ವರ್ಷ, ದಂಡ 50 ಸಾವಿರದಿಂದ 2 ಲಕ್ಷ. ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಅಂತ ಕಂಡರೆ ಆ ಕನಿಷ್ಠ ಶಿಕ್ಷೆಗಿಂತಲೂ ಕಡಿಮೆ ಕೊಡುವ ಅವಕಾಶ ಕೋರ್ಟಿಗಿದೆ. ತಿಂಗಳಿಗೆ ನೂರರಂತೆ ವಸೂಲಿ ಮಾಡಿದ ಯುಪಿಐ ಪಟ್ಟಿ ಎದುರಿಗಿಟ್ಟರೆ ಆ ವಾದ ನಿಲ್ಲುವುದು ಕಷ್ಟ. ಜೊತೆಗೆ ಕಲಂ 65ಎ ಇದೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ದಾಟಿದ್ದಕ್ಕೆ 2 ವರ್ಷದವರೆಗೆ. ಐಟಿ ಕಾಯ್ದೆಯ ಕಲಂ 66 ಸೇರಿಸಿದರೆ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಆಗಲೇ ಶುರು ಮಾಡಿದ್ದರೆ ಇವತ್ತೇ ನಿಲ್ಲಿಸಿ. ಕಾರ್ಡನ್ನು ಮೂಲ ಬಾಕ್ಸಿಗೆ ಹಾಕಿ, ರೌಟರಿನಲ್ಲಿ ತೆರೆದಿಟ್ಟ ಪೋರ್ಟ್ ಮುಚ್ಚಿ. ಈ ಲಿನಕ್ಸ್ ರಿಸೀವರುಗಳಲ್ಲಿ ಎಷ್ಟೋ ರೂಟ್ ಪಾಸ್‌ವರ್ಡೇ (ಇಡೀ ಬಾಕ್ಸಿನ ಹಿಡಿತ ಕೊಡುವ ಪಾಸ್‌ವರ್ಡ್) ಇಲ್ಲದೆ ಬರುತ್ತವೆ. ಪೋರ್ಟ್ ತೆರೆದಿದ್ದಷ್ಟು ದಿನ ಹೊರಗಿನವರು ನಿಮ್ಮ ಮನೆಯ ವೈಫೈ ಒಳಗೆ ಕಾಲಿಡಲು ದಾರಿ ಇತ್ತು ಅಂತಲೇ ತಿಳಿಯಿರಿ. ಆದರೆ ಸಿಇಎನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಯಿಂದಲೋ ವಕೀಲರಿಂದಲೋ ನೋಟಿಸು ಬಂದಾಗಿದ್ದರೆ ಏನನ್ನೂ ಅಳಿಸಬೇಡಿ, ಕಾರ್ಡ್ ಎಸೆಯಬೇಡಿ. ಸಾಕ್ಷ್ಯ ನಾಶ ಬೇರೆಯೇ ಅಪರಾಧ. ನೇರ ವಕೀಲರ ಹತ್ತಿರ ಹೋಗಿ.

ಅಣ್ಣನಿಗೆ ಏನು ಮಾಡುವುದು? ಮಲ್ಟಿ ಟಿವಿ ಸೌಲಭ್ಯ ಒಂದೇ ಮನೆಗೆ ಮಾತ್ರ, ವಿಜಯಪುರಕ್ಕೆ ಆಗುವುದಿಲ್ಲ. ಅವರು ಬೇರೆ ಕನೆಕ್ಷನ್ ತಗೊಂಡು ಬೇಕಾದ ಚಾನೆಲ್‌ಗಳನ್ನಷ್ಟೇ ಬಿಡಿಬಿಡಿಯಾಗಿ ಆರಿಸಲಿ. ಪ್ಯಾಕೇ ತಗೊಳ್ಳಬೇಕು ಅಂತ ಯಾರೂ ಒತ್ತಾಯಿಸುವಂತಿಲ್ಲ. ತಿಂಗಳ ಖರ್ಚೇ ಬೇಡ ಅಂದರೆ ಡಿಡಿ ಫ್ರೀ ಡಿಶ್ ಇದೆ. ಚಂದನ ಬರುತ್ತದೆ, ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗುರುತಿಸಿದ ಪಂದ್ಯಗಳೂ ದೂರದರ್ಶನದಲ್ಲಿ ಬರುತ್ತವೆ. ದುಡ್ಡಿನ ಚಾನೆಲ್ ಬರುವುದಿಲ್ಲ. 60 ಸೆಂ.ಮೀ. ಡಿಶ್ ಸಾಕು. ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವ. ವಿಜಯಪುರದಿಂದ ಆಗ್ನೇಯಕ್ಕೆ, ಮೊಬೈಲ್ ದಿಕ್ಸೂಚಿಯಲ್ಲಿ ಸುಮಾರು 132 ಡಿಗ್ರಿ, ಎತ್ತರ ಸುಮಾರು 61.5 ಡಿಗ್ರಿ. ನಿಮ್ಮ ಬೆಳಗಾವಿಯಲ್ಲಾದರೆ ದಿಕ್ಕು 128ರ ಹತ್ತಿರ. ಆಫ್‌ಸೆಟ್ ಡಿಶ್ (ಸಿಗ್ನಲ್ ಹಿಡಿಯುವ ತಲೆ ನಡುವಿನಲ್ಲಿರದೆ ಕೆಳಗಿರುವ ಬಗೆ) ಆದ್ದರಿಂದ ಅಷ್ಟು ಮೇಲಕ್ಕೆ ಮುಖ ಮಾಡಿದಂತೆ ಕಾಣುವುದಿಲ್ಲ, ಹಿಂದಿನ ಕ್ಲಾಂಪಿನ ಅಳತೆಪಟ್ಟಿಯನ್ನೇ ನಂಬಿ. ಟ್ಯೂನ್ ಮಾಡುವಾಗ ಸ್ಟ್ರೆಂತ್ ಅಲ್ಲ, ಕ್ವಾಲಿಟಿ ಪಟ್ಟಿ ನೋಡಿ: ಡಿಶ್ ತಪ್ಪು ದಿಕ್ಕಿಗಿದ್ದರೂ ಸ್ಟ್ರೆಂತ್ ತುಂಬಿ ತೋರಿಸುತ್ತದೆ.