ಉಪ್ಪಿನಕಾಯಿಯ ಜಗಳ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. 71 ವರ್ಷದ ನಿವೃತ್ತ ಮೇಷ್ಟ್ರು. ಹೃದಯ ವೈಫಲ್ಯ, ಅಂದರೆ ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾರದೆ ಮೈಯಲ್ಲಿ ನೀರು ನಿಲ್ಲುವ ಕಾಯಿಲೆ, ಹಳೆಯದು; ವರ್ಷದೊಳಗೆ ಮತ್ತೆ ಮತ್ತೆ ಆಸ್ಪತ್ರೆ ಸೇರಿದ್ದಾರೆ. ಹೃದ್ರೋಗ ತಜ್ಞರು ಉಪಶಾಮಕ ಆರೈಕೆಯ (ನೋವು, ಏದುಸಿರಿನಂಥ ಯಾತನೆ ತಗ್ಗಿಸುವ ಆರೈಕೆ) ಮಾತೆತ್ತಿದ್ದೇ ತಡ, ಮಗ ಸಿಡಿದೆದ್ದಿದ್ದರು. ಆ ಆರೈಕೆಯ ಕೆಲಸ ಮಾಡುವ ನನ್ನ ಬಳಿ ಬಂದಾಗಲೂ ಅದೇ ಸಿಟ್ಟು: "ಅಪ್ಪನಿಗೆ ಕ್ಯಾನ್ಸರ್ ಇಲ್ಲವಲ್ಲ ಮೇಡಂ! ಡಾಕ್ಟರು ಕೈಚೆಲ್ಲಿದರು ಎಂದೇ ಅರ್ಥ ತಾನೇ?"

ಅಲ್ಲ. ಹೃದಯದ ಮಾತ್ರೆಗಳು ಮುಂದುವರಿಯುತ್ತವೆ, ಅದರ ಜೊತೆಗೇ ಈ ಆರೈಕೆ. ನೀರಿಳಿಸುವ ಮಾತ್ರೆಯೇ ಏದುಸಿರಿಗೆ ಮೊದಲ ಉಪಶಮನ. ಅಷ್ಟರಲ್ಲಿ ಅಮ್ಮನ ದೂರು ಶುರುವಾಯಿತು: "ಇವರು ಉಪ್ಪಿನಕಾಯಿ ಬಿಡುವುದಿಲ್ಲ, ನೀವೇ ಹೇಳಿ." ಅರ್ಧ ಗಂಟೆ ಅದೇ ರಾಮಾಯಣ. ಇಬ್ಬರನ್ನೂ ಕಾಫಿಗೆ ಕಳಿಸಿ ಮೇಷ್ಟ್ರನ್ನು ಮಾತಾಡಿಸಿದೆ.

"ಸಾವಿನ ಭಯವಿಲ್ಲಮ್ಮ. ಕಳೆದ ಸಲ ಐಸಿಯುನಲ್ಲಿ ಟ್ಯೂಬು ಕಿತ್ತುಕೊಂಡೇನೆಂದು ಎರಡೂ ಕೈ ಕಟ್ಟಿದ್ದರು. ಮೂಗು ತುರಿಸುತ್ತಿತ್ತು. ಯಾರಿಗೆ ಹೇಳಲಿ?" ಮನೆಯವರಿಗೆ ಇದು ಗೊತ್ತೇ ಇರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿಯಿಡೀ ಕುರ್ಚಿಯಲ್ಲೇ ಕೂರುತ್ತಾರೆ.

ಅವರ ಒಪ್ಪಿಗೆ ಪಡೆದು ಎಲ್ಲರನ್ನೂ ಕೂರಿಸಿದೆ. ಮೊದಲ ಸಲಹೆ ಉಸಿರಿನದು: ಮಂಚದ ತಲೆಭಾಗ ಎತ್ತರಿಸಿ, ಮುಖಕ್ಕೆ ಗಾಳಿ ಬೀಸುವಂತೆ ಪುಟ್ಟ ಫ್ಯಾನ್ ಇಡಿ. ಆಗಲೂ ತಗ್ಗದಿದ್ದರೆ ಅತಿ ಕಡಿಮೆ ಪ್ರಮಾಣದ ಮಾರ್ಫಿನ್ ಕೆಲವರಿಗೆ ಆರಾಮ ಕೊಡುತ್ತದೆ. ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರೇ ತೀರ್ಮಾನಿಸಬೇಕು, ಮಾರ್ಫಿನ್‌ನಿಂದಾಗುವ ಮಲಬದ್ಧತೆಗೂ ಔಷಧ ಬರೆಸಿಕೊಳ್ಳಬೇಕು. ಬೆಳಿಗ್ಗೆ ಮೂತ್ರ ಮಾಡಿ, ತಿಂಡಿಗೆ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ನೀರು ತುಂಬುತ್ತಿರಬಹುದು, ಫೋನ್ ಮಾಡಿ.

ಮಂಡಿ ನೋವಿಗೆ ಔಷಧಿ ಅಂಗಡಿಯಿಂದ ತರಿಸುತ್ತಿದ್ದ ಡೈಕ್ಲೋಫೆನಾಕ್ ಹೊರಬಿದ್ದದ್ದು ಆಗಲೇ. ಉಪ್ಪು, ನೀರನ್ನು ಮೈಯಲ್ಲೇ ಹಿಡಿದಿಡುವ ಮಾತ್ರೆ ಅದು. ಎಲ್ಲರೂ ಉಪ್ಪಿನಕಾಯಿಯ ಮೇಲೆ ಕತ್ತಿ ಮಸೆಯುತ್ತಿದ್ದರು! ಉಪ್ಪಿನಕಾಯಿ, ಹಪ್ಪಳ ದಿನವೂ ಬೇಡವೇ ಬೇಡ. ಹಬ್ಬದಂದು ಎಲೆಯ ತುದಿಗೆ ಒಂದು ಚೂರು ಬಡಿಸಿದ್ದಕ್ಕೆ ಜಗಳ ಬೇಡ ಎಂದೆ.

ಗುಣವಾಗುವ ಭರವಸೆ ಇಲ್ಲದಿದ್ದರೆ ವೆಂಟಿಲೇಟರ್ ಬೇಡ, ನೀರಿಳಿಸುವ ಇಂಜೆಕ್ಷನ್‌ಗಾದರೆ ಆಸ್ಪತ್ರೆಗೆ ಬರುತ್ತೇನೆ: ಮೇಷ್ಟ್ರ ನಿಲುವು ಸ್ಪಷ್ಟವಾಗಿತ್ತು. ಮುಂದೆ ತಾನೇ ಹೇಳಲಾಗದಿದ್ದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಇಂಥ ಮುಂಗಡ ನಿರ್ದೇಶನವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿದೆ. 2023ರಲ್ಲಿ ವಿಧಾನ ಸರಳವಾಗಿ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ವೈದ್ಯರೊಂದಿಗೆ ಚರ್ಚಿಸಿಯೇ ಬರೆಯಿರಿ ಎಂದೆ. ಮಗ ಒಪ್ಪಲು ವಾರ ಕೇಳಿದರು, ಕೇಳಲಿ.

ಅಮ್ಮನಿಗೂ ನಿದ್ದೆಯಿಲ್ಲ. ವಾರದಲ್ಲಿ ಎರಡು ರಾತ್ರಿಯಾದರೂ ಮಗನೇ ಅಪ್ಪನ ಪಕ್ಕ ಮಲಗಬೇಕೆಂದು ಹೇಳಿ ಕಳಿಸಿದ್ದೇನೆ.