'ಎಂಜಿನ್ ಹಳೆಯದು' ಎಂಬ ಒಂದೇ ಮಾತು ಸಾಲದು

ಪ್ರಶ್ನೆ: ನನ್ನ ಲಾರಿಗೆ 26 ವರ್ಷ, ಆರು ಸಿಲಿಂಡರಿನ ಡೀಸೆಲ್ ಎಂಜಿನ್. ರೇಡಿಯೇಟರಿನಲ್ಲಿ ನೀರು ಇಳಿಯುತ್ತಿತ್ತು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತಿತ್ತು. ಆಯಿಲ್ ಮಾತ್ರ ಶುದ್ಧವಾಗಿಯೇ ಇತ್ತು. ವರ್ಕ್‌ಶಾಪಿನವರು ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿ, ಬ್ಲಾಕಿನ ಮೇಲ್ಮೈಯನ್ನು ಗಿರಗಿರ ತಿರುಗುವ ಉಜ್ಜುವ ಡಿಸ್ಕಿನಿಂದ ಹೊಳೆಯುವಂತೆ ಮಾಡಿ ಹೊಸ ಗ್ಯಾಸ್ಕೆಟ್ ಕೂರಿಸಿದರು. ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿದರು. ಹೊಗೆ ನಿಂತಿತು. ಆದರೆ 1,100 ಕಿ.ಮೀ. ಓಡುವಷ್ಟರಲ್ಲಿ ಎಂಜಿನ್ನಿನ ತಳದಿಂದ ಕಟಕಟ ಸದ್ದು ಕೇಳಿತು. ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಯಿಲ್ ದೀಪ ಮಿನುಗತೊಡಗಿತು. ಬೇರೊಬ್ಬ ಮೆಕ್ಯಾನಿಕ್ ಆಯಿಲ್ ಚೇಂಬರ್ ಇಳಿಸಿ ನೋಡಿದರೆ, ತಿರುಗುವ ಮುಖ್ಯ ಶಾಫ್ಟನ್ನು (ಕ್ರ್ಯಾಂಕ್‌ಶಾಫ್ಟ್) ಹಿಡಿದಿರುವ ಅರ್ಧ ಬಳೆಯಂಥ ಬೇರಿಂಗ್ ಶೆಲ್‌ಗಳೆಲ್ಲ ಗೀರುಬಿದ್ದಿವೆ. ಮೊದಲಿನವರು, "ಎಂಜಿನ್ ಹಳೆಯದು, ಅದರ ಕಾಲ ಮುಗಿದಿತ್ತು. ನಾವು ಮಾಡಿದ್ದು ಮೇಲಿನ ಕೆಲಸ, ಕೆಳಗಿನದಕ್ಕೂ ನಮಗೂ ಸಂಬಂಧವಿಲ್ಲ" ಎನ್ನುತ್ತಾರೆ. ಅವರಿಂದ ಹೊಸ ಎಂಜಿನ್ ಕೇಳಬಹುದೇ? ಶೆಲ್‌ಗಳ ಫೋಟೊ ಇದರ ಜೊತೆಗಿದೆ.
– ಒಬ್ಬ ಲಾರಿ ಮಾಲೀಕ

ಉತ್ತರ: ಮೊದಲು ಆ ಶೆಲ್‌ಗಳನ್ನು ಜೋಪಾನ ಮಾಡಿ. ಯಾವುದು ಎಷ್ಟನೆಯ ಸಿಲಿಂಡರಿನದು, ಮೇಲಿನದೋ ಕೆಳಗಿನದೋ ಎಂದು ಗುರುತು ಹಾಕಿ, ಒರೆಸದೆ ಕಟ್ಟಿಡಿ. ಆ ಕೆಲಸದಲ್ಲಿ ಹಾಕಿದ ಆಯಿಲ್ ಫಿಲ್ಟರ್, ಚೇಂಬರಿನಿಂದ ಇಳಿಸಿದ ಆಯಿಲ್ ಕೂಡ ಚೆಲ್ಲಬಾರದು. ಮೂವತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದವನು ನಾನು. ಇಂಥ ಎಷ್ಟೋ ಜಗಳಗಳಲ್ಲಿ ಸಾಕ್ಷಿ ಗುಜರಿಗೆ ಹೋದ ಮೇಲೆ ಮಾಲೀಕರು ನನ್ನ ಬಳಿ ಬಂದಿದ್ದಾರೆ. ಆಗ ಯಾರೇನು ಮಾಡಲು ಸಾಧ್ಯ?

ಮೇಲಿನ ಕೆಲಸಕ್ಕೂ ಕೆಳಗಿನದಕ್ಕೂ ಸಂಬಂಧವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಾಲ್ವ್ ತೆರೆಸುವ ಪುಶ್ ರಾಡ್ ಇಳಿಯುವ ತೂತುಗಳು, ಆಯಿಲ್ ಹಿಂದಿರುಗುವ ದಾರಿಗಳು ಬ್ಲಾಕಿನ ಮೇಲ್ಮೈಯಿಂದ ನೇರವಾಗಿ ಚೇಂಬರಿಗೆ ಇಳಿಯುತ್ತವೆ. ನೀವು ಹೇಳಿದ ಬಗೆಯ ಡಿಸ್ಕಿನಲ್ಲಿ ಸಾಮಾನ್ಯವಾಗಿ ಇರುವುದು ಅಲ್ಯೂಮಿನಿಯಂ ಆಕ್ಸೈಡ್. ಗಡಸುತನದ ಮೋಸ್ ಮಾಪಕದಲ್ಲಿ ವಜ್ರ 10 ಆದರೆ ಇದು 9. ಡಿಸ್ಕ್ ತಿರುಗುವಾಗ ಈ ಪುಡಿ ಉದುರುತ್ತದೆ. ತೂತುಗಳಿಗೆ ಬಟ್ಟೆ ತುರುಕದೆ ಉಜ್ಜಿದರೆ ಅದು ಹೋಗುವುದು ಕೆಳಕ್ಕೇ. ಶಾಫ್ಟನ್ನು ಎತ್ತಿ ಹಿಡಿಯುವ ಆಯಿಲ್ ಪದರ ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಪಾಲು) ದಪ್ಪ. ಈ ಕಣಗಳು ಅದಕ್ಕಿಂತ ದೊಡ್ಡವು. ಫಿಲ್ಟರ್ ತಡೆಯುವುದಿಲ್ಲವೇ ಎಂದು ಕೇಳುತ್ತಾರೆ. ತಡೆಯುತ್ತದೆ, ಆದರೆ ಎಲ್ಲವನ್ನೂ ಅಲ್ಲ. ತಣ್ಣಗಿನ ಆಯಿಲ್ ಗಟ್ಟಿಯಾಗಿರುವಾಗ ಬೈಪಾಸ್ ವಾಲ್ವ್ ತೆರೆದುಕೊಂಡು, ಸೋಸದ ಆಯಿಲ್ ಬೇರಿಂಗಿಗೆ ಹೋಗುತ್ತದೆ. ಹೆಡ್ ಕೆಲಸದಲ್ಲಿ ಈ ಡಿಸ್ಕ್ ಕಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಚಪ್ಪಟೆ ಕೆರೆಯುವ ಉಳಿ ಮತ್ತು ತಾಳ್ಮೆ, ಆ ಕೆಲಸಕ್ಕೆ ಬೇಕಾದದ್ದು ಇಷ್ಟೇ.

ಇನ್ನು ನಿಮ್ಮ ಫೋಟೊಗಳು. ವಯಸ್ಸಿನಿಂದ ಸವೆದ ಶೆಲ್ ನುಣುಪಾಗಿ ಸವೆಯುತ್ತದೆ, ಅದೂ ಭಾರ ಬೀಳುವ ಕಡೆ: ಕನೆಕ್ಟಿಂಗ್ ರಾಡಿನಲ್ಲಿ ಮೇಲಿನ ಅರ್ಧ, ಬ್ಲಾಕಿನಲ್ಲಿ ಶಾಫ್ಟನ್ನು ಹೊರುವ ಮೇನ್ ಬೇರಿಂಗಿನಲ್ಲಿ ಕೆಳಗಿನ ಅರ್ಧ. ಬೂದು ಪದರ ತೆಳುವಾಗಿ ತಾಮ್ರದ ಬಣ್ಣ ಕಾಣುತ್ತದೆ. ನೀರು ಬೆರೆತ ಆಯಿಲ್‌ನಿಂದ ಕೆಟ್ಟ ಶೆಲ್ ಮಂಕಾಗಿ, ಸಿಡುಬಿನ ಕಲೆಯಂತೆ ಗುಳಿಬಿದ್ದಿರುತ್ತದೆ. ನಿಮ್ಮಲ್ಲಿ ಎರಡೂ ಇಲ್ಲ. ಎಲ್ಲ ಶೆಲ್‌ಗಳಲ್ಲೂ, ಎರಡೂ ಅರ್ಧಗಳಲ್ಲೂ ಶಾಫ್ಟ್ ತಿರುಗುವ ದಿಕ್ಕಿಗೇ ಗೆರೆಗಳು ಎದ್ದಿವೆ. ಮೆತ್ತನೆಯ ಲೋಹದಲ್ಲಿ ಕಾಳುಗಳು ಹೂತು ಮಿನುಗುತ್ತಿವೆ. ಗಡಸು ಪುಡಿ ಆಯಿಲ್ ಜೊತೆ ಹರಿದಿದೆ. ಇದು 26 ವರ್ಷದ ಸವೆತವಲ್ಲ ಎಂದೇ ನನ್ನ ಅಭಿಪ್ರಾಯ.

ಆದರೂ ಎದುರು ಪಕ್ಷಕ್ಕೆ ಅನ್ಯಾಯವಾಗಬಾರದು. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಹರಿದಿದೆಯೇ ನೋಡಿ. ರಸ್ತೆಯ ಧೂಳು ಆ ದಾರಿಯಲ್ಲಿ ನುಗ್ಗಿದ್ದರೆ ಮೊದಲು ಪಿಸ್ಟನ್ ರಿಂಗ್, ಲೈನರ್ (ಸಿಲಿಂಡರಿನ ಒಳಗೋಡೆ) ಸವೆದಿರುತ್ತವೆ, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರಿನಿಂದ ಹೊಗೆ ಉಗುಳುತ್ತಿರುತ್ತದೆ. ಹೋಸ್ ಸರಿಯಿದ್ದು ಲೈನರ್ ಗೋಡೆಗಳೂ ಚೆನ್ನಾಗಿದ್ದರೆ ಆ ಸಂಶಯ ಬಿಡಬಹುದು. ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಭೂತಗನ್ನಡಿಯಲ್ಲಿ ನೋಡಿ. ಗರಗಸದಿಂದ ಕೊಯ್ಯಬೇಡಿ, ಅದರ ಪುಡಿಯೇ ಸಾಕ್ಷಿಯೊಳಗೆ ಬೆರೆಯುತ್ತದೆ. ಫಿಲ್ಟರ್ ಕಟರ್ ಸಿಗುತ್ತದೆ. ಆಯಿಲ್ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಿದರೆ ಸೀಸ, ತಾಮ್ರ, ಅಲ್ಯೂಮಿನಿಯಂ, ಸಿಲಿಕಾನ್ ಎಷ್ಟೆಷ್ಟಿವೆ ಎಂದು ಬರೆದುಕೊಡುತ್ತಾರೆ. ಅಲ್ಲಿ ಸೋಡಿಯಂ, ಪೊಟ್ಯಾಸಿಯಂ ಹೆಚ್ಚಿದ್ದರೆ ರೇಡಿಯೇಟರಿನ ಕೂಲೆಂಟ್ ಬೆರೆತಿತ್ತು ಎಂದರ್ಥ. ಆಗ ನನ್ನ ಲೆಕ್ಕವೂ ಬದಲಾಗುತ್ತದೆ.

ಹೊಸ ಎಂಜಿನ್ ಕೇಳಬೇಡಿ. ನಿಮ್ಮ ಪಿಸ್ಟನ್, ಪಂಪ್, ಗೇರುಗಳ 26 ವರ್ಷದ ಸವೆತಕ್ಕೆ ಅವರು ಹೊಣೆಯಲ್ಲ. ಬೇರಿಂಗ್ ಸೆಟ್, ಕ್ರ್ಯಾಂಕ್‌ಶಾಫ್ಟ್ ಗ್ರೈಂಡಿಂಗ್, ಬಿಚ್ಚಿ ಜೋಡಿಸುವ ಕೂಲಿ, ಆಯಿಲ್ – ಇಷ್ಟನ್ನು ಬರವಣಿಗೆಯಲ್ಲಿ ಕೇಳಿ. ಜೊತೆಗೆ ಕೆಲಸ ಮಾಡಿಸಿದ ದಿನದ ಮತ್ತು ಲಾರಿ ನಿಂತ ದಿನದ ಕಿ.ಮೀ. ಬರೆಯಿರಿ. ಶೆಲ್‌ಗಳನ್ನು ಅವರ ಎದುರಿಗಿಟ್ಟು, ಡಿಸ್ಕ್ ಬಳಸಿದಾಗ ತೂತುಗಳನ್ನು ಹೇಗೆ ಮುಚ್ಚಿದ್ದಿರಿ ಎಂದು ಸಮಾಧಾನದಿಂದ ಕೇಳಿ. ಕೆಲಸ ಬಲ್ಲ ಮೇಸ್ತ್ರಿಗೆ ಆ ಪ್ರಶ್ನೆಯ ಅರ್ಥ ತಕ್ಷಣ ಆಗುತ್ತದೆ.

ರಿಪೇರಿ ಯಾರೇ ಮಾಡಲಿ, ಜರ್ನಲ್‌ಗಳನ್ನು, ಅಂದರೆ ಶೆಲ್‌ಗಳೊಳಗೆ ತಿರುಗುವ ಶಾಫ್ಟಿನ ಭಾಗಗಳನ್ನು, ಮೈಕ್ರೋಮೀಟರಿನಿಂದ ಅಳೆಸಿ. ಗೀರು ಆಳವಾಗಿದ್ದರೆ 0.25 ಮಿ.ಮೀ. ಅಂಡರ್‌ಸೈಜಿಗೆ, ಅಂದರೆ ವ್ಯಾಸ ಅಷ್ಟು ಕಡಿಮೆಯಾಗುವಂತೆ, ಗ್ರೈಂಡ್ ಮಾಡಿಸಬೇಕಾದೀತು. ಬ್ಲಾಕಿನ ಆಯಿಲ್ ಗ್ಯಾಲರಿಯ (ಆಯಿಲ್ ಹರಿಯುವ ಒಳದಾರಿಯ) ಪ್ಲಗ್‌ಗಳನ್ನು ತೆಗೆದು ಬ್ರಷ್ ಹಾಕಿ ತೊಳೆಯಲಿ. ಆಯಿಲ್ ಕೂಲರನ್ನು ಹೊಸದು ಹಾಕಿಸಿ. ಅದರ ಸಂದುಗಳಲ್ಲಿ ಕೂತ ಪುಡಿ ತೊಳೆದರೂ ಪೂರ್ತಿ ಬಿಡುವುದಿಲ್ಲ, ಹೊಸ ಶೆಲ್‌ಗಳನ್ನೂ ಅದೇ ತಿನ್ನುತ್ತದೆ.